ಬಲಕ್ಕೆ ಬೀಳುವ ಮಣ್ಣು

ಡಿಸ್ಕ್ ನೇಗಿಲು ಮಣ್ಣನ್ನು ಬಲಗಡೆಗೆ ಮಾತ್ರ ಎಸೆಯುತ್ತದೆ. ಎಡಕ್ಕೂ ಒಂದಿಷ್ಟು ಎಸೆಯಪ್ಪ ಎಂದು ಯಾವ ದೇವರಿಗೆ ಹರಕೆ ಹೊತ್ತರೂ ಎಸೆಯುವುದಿಲ್ಲ. ಟ್ರ್ಯಾಕ್ಟರ್ ಹತ್ತಿ ಇಳಿದವರಿಗೆಲ್ಲ ತಿಳಿದ ಸಂಗತಿ ಇದು. ಎಂಟು ವರ್ಷದಿಂದ ದೇವರಾಜುವಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ರಾಜೇಂದ್ರನಿಗೆ ತಿಳಿಯದೆ ಇರುತ್ತದೆಯೇ? ತಿಳಿದಿತ್ತು. ಆದರೆ ಚೆನ್ನಾಗಿ ತಿಳಿದ ಸಂಗತಿಯ ಬಗ್ಗೆ ಮನುಷ್ಯ ಯೋಚನೆ ಮಾಡುವುದನ್ನೇ ಬಿಟ್ಟುಬಿಡುತ್ತಾನೆ. ಹಾಗೆ ಬಿಟ್ಟದ್ದಕ್ಕೆ ಎರಡು ಮನೆಯವರು ಒಬ್ಬರನ್ನೊಬ್ಬರು ಕಡಿದು ಹಾಕುವ ಹಂತಕ್ಕೆ ಬಂದು ನಿಂತದ್ದು ೧೯೯೯ರ ಮೇ ತಿಂಗಳಲ್ಲಿ, ಸೋಸಲೆಗೆ ಎರಡು ಮೈಲಿ ಈಚೆಗಿರುವ ಒಂದು ಊರಿನಲ್ಲಿ.

ಕೃತ್ತಿಕೆ ಮಳೆ ಎರಡು ದಿನ ಬಿಡದೆ ಹೊಯ್ದು ನಿಂತಿತ್ತು. ಎರೆ ಭೂಮಿ ಬಲು ಕೊಂಕಿನದು. ಮಳೆ ನಿಂತ ಕೂಡಲೇ ಇಳಿದರೆ ಚಕ್ರಕ್ಕೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ನಾಲ್ಕು ದಿನ ಬಿಟ್ಟು ಹೋದರೆ ಕಲ್ಲಾಗಿ ಡಿಸ್ಕನ್ನು ಮೇಲಕ್ಕೇ ಒದೆಯುತ್ತದೆ. ನಡುವೆ ಸಿಕ್ಕುವ ಎರಡು ದಿನವೇ ಹದ. ಆ ಎರಡು ದಿನದಲ್ಲಿ ರೈತನಿಗೆ ಹೆಂಡತಿ ಮಾತೂ ಕೇಳಿಸಬಾರದು, ಜಗಳವಂತೂ ಬರಲೇಬಾರದು. ಬರಬಾರದ್ದೇ ಬಂದಿತ್ತು.

ದೇವರಾಜು ಮೇಲಿನ ಬೀದಿಯ ಗೌಡರ ಮನೆಯವನು, ಆರು ಎಕರೆಯ ಒಡೆಯ. ಅವನ ಹೊಲಕ್ಕೆ ಮೂಡಲಲ್ಲಿ ಒಂದೇ ಒಂದು ಬದುವಿನಾಚೆ ಚಲುವಯ್ಯನ ಹೊಲ. ಒಂದು ಎಕರೆ. ಕೂಲಿ ಮಾಡಿಕೊಂಡಿದ್ದ ಕೇರಿಯ ಚಲುವಯ್ಯನಿಗೆ ಅದು ಸರ್ಕಾರದಿಂದ ದರಖಾಸ್ತಿನಲ್ಲಿ ಬಂದು ಇಪ್ಪತ್ತೈದು ವರ್ಷವಾಗಿತ್ತು. ಅವನು ಅದನ್ನು ಹೊಲ ಎಂದು ಕರೆಯುತ್ತಿರಲಿಲ್ಲ, ‘ನಮ್ಮದು’ ಎನ್ನುತ್ತಿದ್ದ. ಚಲುವಯ್ಯನ ಮಗಳು ರೋಜಾಳನ್ನು ಮದುವೆಯಾದವನು ರಾಜೇಂದ್ರ. ಹೀಗಾಗಿ ಬದುವಿನ ಈ ಕಡೆ ಅವನಿಗೆ ಅನ್ನ ಕೊಡುವ ಧಣಿ, ಆ ಕಡೆ ಹೆಣ್ಣು ಕೊಟ್ಟ ಮಾವ. ಎರಡೂ ಹೊಲವನ್ನು ವರ್ಷವರ್ಷವೂ ಅವನೇ ಉಳುತ್ತಿದ್ದ. ಗೌಡರದನ್ನು ಸಂಬಳಕ್ಕೆ, ಮಾವನದನ್ನು ಗೌಡರಿಂದ ಟ್ರ್ಯಾಕ್ಟರನ್ನು ಗಂಟೆ ಲೆಕ್ಕಕ್ಕೆ ಬಾಡಿಗೆ ಪಡೆದು.

ಚಲುವಯ್ಯನ ಮಗ ರವಿಕುಮಾರ್ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅಳತೆಯೇ ಅವನ ಕಸುಬು. ಮಳೆಗೆ ರಜಾ ಹಾಕಿ ಬಂದವನು ಯಾಕೋ ಹೊಲದ ಅಗಲ ಕಣ್ಣಿಗೆ ಹಿಡಿಸದೆ ಟೇಪು ಹಿಡಿದು ಅಳೆದ. ಪೆಟ್ಟಿಗೆಯಲ್ಲಿದ್ದ ಹಳೆಯ ಸಾಗುವಳಿ ಚೀಟಿ ತಂದು ತಾಳೆ ನೋಡಿದ. ಮೂರು ಅಡಿ ಕಮ್ಮಿ. ಹೊಲದ ಉದ್ದಕ್ಕೂ ಮೂರು ಅಡಿ ಎಂದರೆ ಒಂದು ಗುಂಟೆಗೂ ಮೇಲಾಯಿತು. ಬಡಗಣ ತುದಿಯಲ್ಲಿ ಸರ್ವೆಯವರು ನೆಟ್ಟಿದ್ದ ಬಾಂದುಕಲ್ಲನ್ನು ಹುಡುಕಿದರೆ ಕಲ್ಲೂ ಇಲ್ಲ.

ಅಲ್ಲಿಂದ ಬೆಂಕಿ ಹತ್ತಿಕೊಂಡಿತು. ಟ್ರ್ಯಾಕ್ಟರ್ ಅವರದು, ಆಳು ಅವರವನು, ರಾತ್ರೋರಾತ್ರಿ ಕಲ್ಲು ಕಿತ್ತು ವರ್ಷಕ್ಕಿಷ್ಟು ಎಂದು ತಿಂದಿದ್ದಾರೆ ಎಂದು ರವಿಕುಮಾರ್ ಕೂಗಾಡಿದ. ದೇವರಾಜು, ನಾನು ಆ ಹೊಲಕ್ಕೆ ಕಾಲಿಟ್ಟೇ ಎಷ್ಟೋ ಕಾಲವಾಯಿತು, ಪುಕ್ಕಟೆ ಬಂದ ಜಮೀನಿನವರಿಗೆ ನನ್ನದೂ ಬೇಕಾಯಿತೇ ಎಂದ. ಆ ‘ಪುಕ್ಕಟೆ’ ಎನ್ನುವ ಮಾತು ಚಲುವಯ್ಯನಂಥ ಸಾಧುವನ್ನೂ ಎಬ್ಬಿಸಿತು. ಅರಳಿಕಟ್ಟೆಯ ಮುಂದೆ ಜನ ಸೇರಿದರು. ಕದ್ದದ್ದು ನಿಜವೆಂದು ಗೊತ್ತಾದ ದಿನ ಗೌಡನ ಕೈ ಕಡಿಯದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ ಎಂದು ರವಿಕುಮಾರ್ ಎಲ್ಲರೆದುರು ಅಂದ. ದೇವರಾಜುವಿನ ಇಬ್ಬರು ತಮ್ಮಂದಿರು ದೊಣ್ಣೆ ತರಲು ಮನೆಗೆ ಹೋದರು.

ಅವರನ್ನೆಲ್ಲ ತಡೆದು ಕೂರಿಸಿದವನು ರಂಗನಾಯಕ. ಎಪ್ಪತ್ತು ದಾಟಿದ ಮುದುಕ. ಎತ್ತಿನ ಕಾಲದಲ್ಲಿ ಆ ಬಯಲನ್ನೆಲ್ಲ ಉತ್ತವನು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖ ಕಾಣದಿದ್ದರೂ ಅವನ ಮಾತನ್ನು ಮೇಲಿನ ಬೀದಿಯೂ ಕೇಳುತ್ತಿತ್ತು, ಕೇರಿಯೂ ಕೇಳುತ್ತಿತ್ತು. ಸರ್ವೆಯವರಿಗೆ ಅರ್ಜಿ ಕೊಟ್ಟು ಅವರು ಬರುವ ಹೊತ್ತಿಗೆ ಹದ ಹೋಗಿರುತ್ತದೆ, ಹೆಣವೂ ಬಿದ್ದಿರುತ್ತದೆ, ಹಿಂದಿನವರು ಮಾಡಿದ ಹಾಗೆ ಮಾಡಿ ಎಂದ ಅವನು. ಹಿಂದಿನವರ ಕ್ರಮ ಇಷ್ಟೇ: ಎರಡೂ ಹೊಲದ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ, ಮಿಂದು ಒದ್ದೆಯಲ್ಲಿರುವವನ ತಲೆಯ ಮೇಲೆ ಇಡುವುದು. ಅವನು ಹಿಂದಿರುಗಿ ನೋಡದೆ ಎಲ್ಲಿ ನಡೆಯುತ್ತಾನೋ ಅದೇ ಬದು. ಸುಳ್ಳು ನಡೆದವನ ಮನೆಯಲ್ಲಿ ವರ್ಷ ತುಂಬುವುದರೊಳಗೆ ದೀಪ ಹಚ್ಚುವವರು ಇರುವುದಿಲ್ಲ ಎಂಬ ನಂಬಿಕೆ.

ಯಾರು ಹೊರಬೇಕು? ದೇವರಾಜು ರಾಜೇಂದ್ರನ ಕಡೆ ಕೈ ತೋರಿಸಿದ. ಉತ್ತವನು ಅವನು, ಅವನೇ ಹೊರಲಿ. ರವಿಕುಮಾರ್ ಬೇಡವೆಂದ. ಚಲುವಯ್ಯ ಮಗನನ್ನು ಸುಮ್ಮನಿರಿಸಿದ.

“ನಮ್ಮಳಿಯ ಒತ್ಕೊಳ್ಲಿ. ಅವನು ಎಲ್ ನಡೀತಾನೋ ಅದೇ ನಂಗೆ ಬದು.”

ಹೀಗೆ ಎರಡು ಕಡೆಯವರೂ ನಂಬಿದ ಒಬ್ಬನೇ ಒಬ್ಬ ಮನುಷ್ಯನಾಗಿ ರಾಜೇಂದ್ರ ಆ ಸಂಜೆ ಗೌಡರ ಕೊಟ್ಟಿಗೆಗೆ ಹೋದ. ಅವನಿಗೆ ಹೆದರಿಕೆಯೇನೂ ಇರಲಿಲ್ಲ. ಬದು ಎಲ್ಲಿದೆಯೋ ಅಲ್ಲಿದೆ, ಅದರ ಮೇಲೆ ನಡೆದರಾಯಿತು, ಭಾವಮೈದ ಟೇಪನ್ನು ಎಲ್ಲೋ ತಪ್ಪಾಗಿ ಹಿಡಿದಿದ್ದಾನೆ ಎಂದುಕೊಂಡಿದ್ದ. ನಾಳೆಯ ಉಳುಮೆಗೆ ನೇಗಿಲಿನ ಬೇರಿಂಗಿಗೆ ಗ್ರೀಸ್ ಹಾಕಲು ಕೂತ.

ಗಟ್ಟಿ ನೆಲದಲ್ಲಿ ಡಿಸ್ಕು ಇಳಿಯಲಿ ಎಂದು ನೇಗಿಲಿನ ಚೌಕಟ್ಟಿನ ಮೇಲೆ ಭಾರಕ್ಕೆ ಕಲ್ಲು ಕಟ್ಟುವುದುಂಟು. ಎಲ್ಲ ಡ್ರೈವರುಗಳೂ ಕಟ್ಟುತ್ತಾರೆ. ರಾಜೇಂದ್ರನೂ ಒಂದು ಉದ್ದನೆಯ ಕಲ್ಲನ್ನು ಹಗ್ಗದಲ್ಲಿ ಬಿಗಿದಿದ್ದ. ಮೂರು ವರ್ಷದಿಂದ ಅದು ಅಲ್ಲೇ ಇತ್ತು, ಮಣ್ಣು ಮೆತ್ತಿ ಮೆತ್ತಿ ನೇಗಿಲಿನದೇ ಒಂದು ಭಾಗವಾಗಿತ್ತು. ಎರಡು ದಿನದ ಮಳೆ ಆ ಮಣ್ಣನ್ನೆಲ್ಲ ತೊಳೆದುಬಿಟ್ಟಿತ್ತು. ಕಲ್ಲಿನ ತಲೆಯ ಮೇಲೆ ಸರ್ವೆಯವರು ಉಳಿಯಲ್ಲಿ ಕೆತ್ತಿದ ಕೂಡು ಗುರುತು ಕಾಣಿಸಿತು.

ಅದು ಬಾಂದುಕಲ್ಲು.

ಎಲ್ಲಿ ಸಿಕ್ಕಿತ್ತು ಎಂದು ನೆನಪು ಮಾಡಿಕೊಳ್ಳಲು ಕಷ್ಟವಾಗಲಿಲ್ಲ. ಮೂರು ವರ್ಷದ ಹಿಂದೆ ಗೌಡರ ಹೊಲದ ಬಡಗಣ ತುದಿಯಲ್ಲಿ, ಬದುವಿನಿಂದ ಎರಡು ಅಡಿ ಈಚೆಗೆ, ಡಿಸ್ಕಿಗೆ ಏನೋ ಖಣ್ ಎಂದು ತಾಗಿತ್ತು. ಇಳಿದು, ಬೈದುಕೊಂಡು, ಹಾರೆ ಹಾಕಿ ಮೀಟಿದ್ದ. ಹೊಲದ ಒಳಗೆ ಸಿಕ್ಕಿದ ಕಲ್ಲು ಬಾಂದುಕಲ್ಲಾಗಲು ಹೇಗೆ ಸಾಧ್ಯ? ಬಾಂದುಕಲ್ಲು ಬದುವಿನಲ್ಲಿರುತ್ತದೆ. ಒಳ್ಳೆ ಭಾರವಾಗಿದೆ, ಇರಲಿ ಎಂದು ನೇಗಿಲಿಗೇ ಕಟ್ಟಿದ್ದ. ಊರೆಲ್ಲ ಹುಡುಕುತ್ತಿದ್ದ ಕಲ್ಲು ಅವನ ಬೆನ್ನ ಹಿಂದೆಯೇ ಊರು ಸುತ್ತಿತ್ತು.

ಕಲ್ಲು ಬದುವನ್ನು ಬಿಟ್ಟು ಹೋಗಿರಲಿಲ್ಲ. ಬದುವೇ ಕಲ್ಲನ್ನು ಬಿಟ್ಟು ಹೋಗಿತ್ತು. ಆಗ ಅವನಿಗೆ ಉಳಿದದ್ದೆಲ್ಲ ಹೊಳೆಯಿತು. ಗೌಡರ ಹೊಲ ದೊಡ್ಡದು. ಅದನ್ನು ಅವನು ನಡುವಿನಿಂದ ಶುರುಮಾಡಿ ಸುತ್ತುತ್ತಾ ಅಂಚಿಗೆ ಬಂದು ಮುಗಿಸುತ್ತಿದ್ದ. ಬದುವಿನ ಹತ್ತಿರ ಬರುವಾಗ ಬದು ಎಡಗಡೆ, ಮಣ್ಣು ಬೀಳುವುದು ಬಲಕ್ಕೆ, ಅಂದರೆ ಗೌಡರ ಹೊಲದೊಳಕ್ಕೆ. ಒಂದು ಗೇಣೂ ಬಿಡದೆ ಬದು ಹೆರೆದು ಉಳು ಎಂದು ಗೌಡರು ಹೇಳುತ್ತಿದ್ದರು, ಇವನು ಹೆರೆಯುತ್ತಿದ್ದ. ಮಾವನದು ಸಣ್ಣ ಹೊಲ, ಒಳಕ್ಕೆ ಹೋಗಲು ಮೂಲೆಯಲ್ಲಿ ಮಾತ್ರ ದಾರಿ. ಅದನ್ನು ಅಂಚಿನಿಂದಲೇ ಶುರುಮಾಡಿ ನಡುವಿಗೆ ಬಂದು ಮುಗಿಸುತ್ತಿದ್ದ. ಅಲ್ಲಿ ಬದು ಬಲಗಡೆ, ಮಣ್ಣು ಹೋಗಿ ಬೀಳುವುದು ಬದುವಿನ ಮೇಲೆ. ಒಂದು ಮಗ್ಗುಲಲ್ಲಿ ಬದುವನ್ನು ಕಡಿಯುವುದು, ಇನ್ನೊಂದು ಮಗ್ಗುಲಲ್ಲಿ ಅದಕ್ಕೆ ಮಣ್ಣು ಉಣ್ಣಿಸುವುದು. ವರ್ಷಕ್ಕೆ ನಾಲ್ಕೈದು ಅಂಗುಲ. ಯಾರ ಕಣ್ಣಿಗೂ ಬೀಳದ ಹಾಗೆ ಬದು ಎಂಟು ವರ್ಷ ಮಾವನ ಹೊಲದೊಳಕ್ಕೆ ನಡೆದುಕೊಂಡು ಹೋಗಿತ್ತು. ನಡೆಸಿದವನು ಅವನು. ಗೌಡರು ಕದ್ದಿರಲಿಲ್ಲ, ಭಾವಮೈದ ಸುಳ್ಳು ಹೇಳಿರಲಿಲ್ಲ.

ಕೊಟ್ಟಿಗೆಯ ಹಿಂದೆಯೇ ನಾಲೆ. ಕಲ್ಲನ್ನು ಬಿಚ್ಚಿ ಹೆಗಲಿಗೆ ಹೊತ್ತು ಹತ್ತು ಹೆಜ್ಜೆ ಹೋದರೆ ಮುಗಿಯಿತು, ನೀರು ತುಂಬಿ ಹರಿಯುತ್ತಿತ್ತು. ಅವನು ಹಗ್ಗದ ಗಂಟಿಗೆ ಕೈ ಹಾಕಿದ್ದೂ ನಿಜ. ಅಷ್ಟರಲ್ಲಿ ಗೌಡರ ತಮ್ಮ ಯಾರೋ ಆ ಕಡೆ ಬಂದದ್ದರಿಂದ ಕಲ್ಲನ್ನು ಗುರುತು ಕೆಳಗಾಗುವಂತೆ ಮಗುಚಿ, ಮತ್ತೆ ಬಿಗಿದು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಾ ಮನೆಗೆ ಬಂದ. ಕಲ್ಲು ಹೊತ್ತಿರಲೇ ಇಲ್ಲ, ಆದರೂ ಹೆಗಲು ನೋಯುತ್ತಿತ್ತು.

ರೋಜಾ ಹಿಟ್ಟು ತಿರುವುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಅವನನ್ನೇ ನೋಡುತ್ತಾ ಕೂತಳು. ಆಮೇಲೆ ತನ್ನ ಲೆಕ್ಕಾಚಾರ ಹೇಳಿದಳು.

“ನಮ್ಮಪ್ಪನ ಮಣ್ಣು ನಮ್ಮಪ್ಪಂಗೆ ಬಂದ್ರೆ ಸಾಕಲ್ವಾ? ನೀನು ಅಳೇ ಗೆರೆ ಮೇಲೆ ನಡಿ. ಎಂಗೋಯ್ತು, ಯಾರಿಂದ ಓಯ್ತು ಅಂತ ಯಾಕ್ ಯೋಳೀಯೆ?”

“ಅಂಗ್ ಮಾಡಿದ್ರೆ ಗೌಡ್ರು ಕಳ್ಳ ಆಯ್ತಾರೆ.”

“ಆಗ್ಲಿ. ಇಷ್ಟ್ ವರ್ಸ ನಮ್ಮನ್ನೇನ್ ಸಾಚಾ ಅಂದವ್ರಾ ಅವ್ರು?”

ಮಾತು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದಕ್ಕೇ ಅವನಿಗೆ ಭಯವಾಯಿತು. ಹಳೇ ಗೆರೆಯ ಮೇಲೆ ಬಾಯಿ ಮುಚ್ಚಿಕೊಂಡು ನಡೆದರೆ ಅದು ಸುಳ್ಳೂ ಅಲ್ಲ. ಆದರೆ ನಡೆದು ಮುಗಿಸಿದ ಗಳಿಗೆಯಲ್ಲೇ ರವಿಕುಮಾರನಿಗೆ ಗೌಡ ಕಳ್ಳನೆಂದು ಖಾತ್ರಿಯಾಗುತ್ತದೆ. ಅವನು ಎಲ್ಲರೆದುರು ಆಡಿದ ಮಾತಿದೆ, ಇಪ್ಪತ್ತಾರು ವರ್ಷದ ಬಿಸಿರಕ್ತವಿದೆ. ಈಗಿರುವ ಬದುವಿನ ಮೇಲೆ ನಡೆದರೆ ಮಾವನ ಒಂದು ಗುಂಟೆ ಎಂದೆಂದಿಗೂ ಹೋಯಿತು. ನಿಜ ಹೇಳಿದರೆ ಗೌಡರು ಕೆಲಸದಿಂದ ಕಿತ್ತೊಗೆಯುತ್ತಾರೆ, ಭಾವಮೈದ ಗೌಡರ ಎಂಜಲು ತಿಂದು ಸುಳ್ಳು ಹೇಳಿದ ಎನ್ನುತ್ತಾನೆ. ರೋಜಾಳಿಗೆ ಇದನ್ನು ಹೇಳಿದಾಗ ಅವಳು ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. ಇಬ್ಬರೂ ಉಣ್ಣಲಿಲ್ಲ.

ಬೆಳಗ್ಗೆ ಏಳು ಗಂಟೆಗೆಲ್ಲ ಬದುವಿನ ಬಡಗಣ ತುದಿಯಲ್ಲಿ ಅರ್ಧ ಊರು ನೆರೆದಿತ್ತು. ನಡೆದು ತೀರ್ಮಾನವಾದ ಕೂಡಲೇ ಉಳಬೇಕೆಂದು ಗೌಡರು ಟ್ರ್ಯಾಕ್ಟರನ್ನೂ ತರಿಸಿ ನಿಲ್ಲಿಸಿದ್ದರು. ಅವರ ತಮ್ಮಂದಿರು ದೊಣ್ಣೆಗಳನ್ನು ಊರುಗೋಲಿನಂತೆ ಊರಿಕೊಂಡು ನಿಂತಿದ್ದರು. ರವಿಕುಮಾರನ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಏನೋ ಇತ್ತು. ಅದು ಮಚ್ಚೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ನಾಲೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಬಂದ ರಾಜೇಂದ್ರನ ತಲೆಯ ಮೇಲೆ ರಂಗನಾಯಕ ಮಣ್ಣಿನ ಗಂಟಿಟ್ಟು, ಜಾರದಂತೆ ಗಲ್ಲದ ಕೆಳಗೆ ಟವೆಲ್ ಸುತ್ತಿ ಕಟ್ಟಿದ. ಹಸಿ ಮಣ್ಣಿನ ನೀರು ಹಣೆಯ ಮೇಲೆ ಇಳಿಯತೊಡಗಿತು. ನಡಿ ಎಂದ ಮುದುಕ. ಎಲ್ಲರ ಕಣ್ಣೂ ರಾಜೇಂದ್ರನ ಪಾದದ ಮೇಲಿತ್ತು. ಎಡಕ್ಕೆ ಇಡುತ್ತಾನೋ ಬಲಕ್ಕೆ ಇಡುತ್ತಾನೋ. ಅವನು ಎಲ್ಲೂ ಇಡದೆ ನಿಂತ.

“ಮೊದ್ಲು ಒಂದ್ ಮಾತ್ ಯೋಳ್ಬೇಕು.”

“ಮಣ್ಣು ಒತ್ತಾಯ್ತು. ಈಗ ಯೋಳಿದ್ದೆಲ್ಲ ಆಣೆ ಆಯ್ತದೆ, ಗ್ಯಾನ ಇರ್ಲಿ,” ಎಂದ ರಂಗನಾಯಕ.

ರಾಜೇಂದ್ರ ಹೇಳಿದ. ಕಲ್ಲು ನೇಗಿಲಿನ ಮೇಲಿದೆ, ಬಿಚ್ಚಿ ನೋಡಿ ಎಂದ. ಅದನ್ನು ಎಲ್ಲಿಂದ ಮೀಟಿದೆನೆಂದು ಬೆರಳು ತೋರಿಸಿದ. ಗೌಡರು ಕದ್ದಿಲ್ಲ, ಬದುವನ್ನು ನಡೆಸಿದವನು ನಾನು, ನನಗೂ ನಿನ್ನೆ ಸಂಜೆಯವರೆಗೆ ಗೊತ್ತಿರಲಿಲ್ಲ ಎಂದ.

ಒಬ್ಬರೂ ನಂಬಲಿಲ್ಲ. ನಂಬುವುದು ಹೇಗೆ? ಬದು ನಡೆಯುತ್ತದೆಯೇ? ಗೌಡರ ತಮ್ಮನೊಬ್ಬ ಹಗ್ಗ ಬಿಚ್ಚಿ ಕಲ್ಲನ್ನು ಮಗುಚಿದಾಗ ಗುರುತು ಕಂಡು ಜನರೆಲ್ಲ ಮುಂದಕ್ಕೆ ನುಗ್ಗಿದರು. ಕಲ್ಲು ಸಿಕ್ಕಿದ್ದರಿಂದ ಜಗಳ ಇಳಿಯುವ ಬದಲು ಏರಿತು. ಗೌಡರ ಟ್ರ್ಯಾಕ್ಟರಿನಲ್ಲೇ ಕಲ್ಲು ಸಿಕ್ಕಿತು, ಇನ್ನೇನು ಸಾಕ್ಷಿ ಬೇಕು ಎಂದರು ಕೇರಿಯವರು. ಮಾವ ಅಳಿಯ ಸೇರಿ ರಾತ್ರಿ ಕಟ್ಟಿದ್ದಾರೆ ಎಂದರು ಮೇಲಿನ ಬೀದಿಯವರು. ರವಿಕುಮಾರ್ ನೇರ ರಾಜೇಂದ್ರನ ಮುಂದೆ ಬಂದು ನಿಂತ. ಟವೆಲ್ ಬಿಚ್ಚಿತ್ತು.

“ಏನ್ ಕೊಟ್ರು ಬಾವ ನಿಂಗೆ, ಇಂಗ್ ಯೋಳಕ್ಕೆ?”

ರಾಜೇಂದ್ರನಿಗೆ ಕೋಪ ಬರಲಿಲ್ಲ, ಅಳು ಬಂತು. ಅದನ್ನು ನುಂಗಿಕೊಂಡು ರಂಗನಾಯಕನ ಕಡೆ ತಿರುಗಿದ. ಉತ್ತು ತೋರಿಸುತ್ತೇನೆ, ಎರಡೂ ಮಗ್ಗುಲು ಒಂದೊಂದು ಸಾಲು, ವರ್ಷವರ್ಷವೂ ಹೇಗೆ ಉಳುತ್ತಿದ್ದೆನೋ ಹಾಗೇ, ತಲೆಯ ಮೇಲಿನ ಮಣ್ಣನ್ನೂ ಇಳಿಸುವುದಿಲ್ಲ ಎಂದ. ಹೀಗೂ ಉಂಟೇ ಎಂದು ಜನ ಗುಸುಗುಟ್ಟಿದರು. ಮಣ್ಣು ಹೊತ್ತವನು ಕಾಲಲ್ಲಿ ನಡೆಯಬೇಕೇ ಹೊರತು ಟ್ರ್ಯಾಕ್ಟರಿನಲ್ಲಿ ಕೂತು ಹೋದದ್ದನ್ನು ಯಾರು ಕಂಡಿದ್ದಾರೆ?

“ನೇಗ್ಲು ಇಡಿದೋನು ನೇಗ್ಲು ಜೊತೇಲೇ ನಡೀಲಿ,” ಎಂದ ರಂಗನಾಯಕ.

ಉಳುವವನು ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ ಇಟ್ಟಿರಬೇಕು. ಸಾಲಿನ ನೇರಕ್ಕೆ ಮುಂದಿನ ಚಕ್ರವನ್ನು, ಆಳಕ್ಕೆ ಹಿಂದಿನ ಡಿಸ್ಕನ್ನು ನೋಡುತ್ತಲೇ ಇರಬೇಕು. ಅವತ್ತು ರಾಜೇಂದ್ರ ಹಿಂದೆ ನೋಡುವ ಹಾಗಿರಲಿಲ್ಲ. ಅದಕ್ಕೇ ನೋಡುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ. ಗೌಡರು ಉತ್ತ ಸಾಲಿನಲ್ಲಿ, ರವಿಕುಮಾರ್ ಬದುವಿನ ಮೇಲೆ, ಇಬ್ಬರೂ ನೇಗಿಲಿನ ಹಿಂದೆಯೇ ಬರಲಿ, ಮಣ್ಣು ಎಲ್ಲಿಂದ ಎದ್ದು ಎಲ್ಲಿ ಬೀಳುತ್ತದೆ ಎಂದು ಅವರೇ ನೋಡಲಿ ಎಂದ. ಲೋ ಗೇರಿಗೆ ಹಾಕಿ, ಗೌಡರ ಹೊಲದ ಅಂಚಿಗೆ ಟ್ರ್ಯಾಕ್ಟರ್ ತಂದು, ಲಿವರ್ ಒತ್ತಿ ನೇಗಿಲು ಇಳಿಸಿದ. ಡಿಸ್ಕು ಮಣ್ಣು ಕಚ್ಚಿದ್ದು ಸೀಟಿನಡಿಯಿಂದಲೇ ಅವನಿಗೆ ತಿಳಿಯಿತು.

ಕತ್ತನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು ಹೊರಟ. ಕೆಸರುನೀರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಬದು ಎಡಗಡೆ ಒಂದು ಗೇಣು ದೂರದಲ್ಲಿ ಸರಿಯುತ್ತಿತ್ತು. ಹಿಂದೆ ಮಣ್ಣು ಹೊರಳುವ ಸದ್ದು ಕೇಳುತ್ತಿತ್ತು, ಮಾತಿನ ಸದ್ದು ಒಂದೂ ಇರಲಿಲ್ಲ. ಅರ್ಧ ಹೊಲ ಹೋಗಿರಬೇಕು, ಡಿಸ್ಕು ಬದುವಿನ ಬುಡವನ್ನು ಹೇಗೆ ಕಡಿಯುತ್ತದೆ ಎಂದು ಹತ್ತಿರದಿಂದ ನೋಡುವ ಆತುರಕ್ಕೆ ರವಿಕುಮಾರ್ ನೇಗಿಲಿನ ಸಮಕ್ಕೆ ಬಂದುಬಿಟ್ಟಿದ್ದ. ಮಳೆಗೆ ನೆನೆದ ಬದು, ಬುಡ ಕಡಿಸಿಕೊಂಡು, ಅವನ ಕಾಲಡಿಯಲ್ಲೇ ಕುಸಿಯಿತು.

ರಾಜೇಂದ್ರನಿಗೆ ಕೇಳಿಸಿದ್ದು ಜನರ ಒಂದೇ ಒಂದು ಕೂಗು. ಕಾಲು ತಾನಾಗಿ ಕ್ಲಚ್ಚು ಬ್ರೇಕುಗಳನ್ನು ಅದುಮಿತು. ಟ್ರ್ಯಾಕ್ಟರ್ ಮುಗ್ಗರಿಸಿ ನಿಂತಿತು. ಹಿಂದೆ ಏನಾಗಿದೆ? ಡಿಸ್ಕಿನ ಅಡಿಯಲ್ಲಿ ಯಾರಾದರೂ ಇದ್ದಾರೆಯೇ? ತಿರುಗಿದರೆ ಆಣೆ ಮುರಿಯುತ್ತದೆ. ಒಂದು ಉಸಿರಿನಷ್ಟು ಹೊತ್ತು ಅವನು ಕತ್ತು ಬಿಗಿಹಿಡಿದು ಕೂತಿದ್ದ. ಆಮೇಲೆ ತಿರುಗಿಯೇಬಿಟ್ಟ. ಟವೆಲ್ ಸಡಿಲಿ, ಗಂಟು ಜಾರಿ ಸ್ಟಿಯರಿಂಗಿಗೆ ಬಡಿದು ಒಡೆದು ಮಣ್ಣೆಲ್ಲ ಮಡಿಲಿಗೆ ಸುರಿಯಿತು.

ರವಿಕುಮಾರ್ ಸಾಲಿನಲ್ಲಿ ಮಂಡಿಯೂರಿ ಬಿದ್ದಿದ್ದ. ಅವನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ದೇವರಾಜು ಹಿಂದಕ್ಕೆ ಎಳೆದಿದ್ದ. ಡಿಸ್ಕಿಗೂ ಹುಡುಗನ ಕಾಲಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಮಚ್ಚು ಎಲ್ಲೋ ಮಣ್ಣಿನಡಿ ಸೇರಿಹೋಗಿತ್ತು. ಇಬ್ಬರೂ ಏದುಸಿರು ಬಿಡುತ್ತಿದ್ದರು.

ಮಣ್ಣು ಬಿತ್ತು, ಆಣೆ ಕೆಟ್ಟಿತು ಎಂದು ಯಾರೋ ಅಂದರು. ಏನಾಯಿತೆಂದು ರಂಗನಾಯಕ ಪಕ್ಕದವರನ್ನು ಕೇಳಿ ತಿಳಿದುಕೊಂಡ.

“ಬಿದ್ರೆ ಬೀಳ್ಲಿ. ಮನುಸ್ಯ ಸತ್ನೇನೋ ಅಂತ ತಿರುಗ್ದ. ತಿರುಗ್ದೇ ಇದ್ದಿದ್ರೆ ನಾನೇ ಅವನ್ನ ನಂಬ್ತಿರ್ಲಿಲ್ಲ.”

ರವಿಕುಮಾರ್ ಎದ್ದ. ಕುಸಿದ ಬದುವನ್ನು ನೋಡಿದ. ಅದರ ಬುಡದಿಂದ ಎದ್ದ ಹೆಂಟೆಗಳು ಸಾಲು ದಾಟಿ ಗೌಡರ ಹೊಲದೊಳಗೆ ಬಿದ್ದಿದ್ದವು, ಹಸಿರು ಗರಿಕೆಯ ಸಮೇತ. ಗರಿಕೆ ಬೆಳೆಯುವುದು ಬದುವಿನಲ್ಲಿ, ಹೊಲದಲ್ಲಲ್ಲ. ಅವನು ಬಗ್ಗಿ ಒಂದು ಹೆಂಟೆ ಎತ್ತಿ ನೋಡಿ ಕೆಳಗೆ ಹಾಕಿದ. ಆ ಕಡೆಯೂ ಉಳು ಬಾವ ಎಂದು ಮೆಲ್ಲಗೆ ಹೇಳಿದ.

ಚಲುವಯ್ಯನ ಹೊಲದ ಅಂಚಿನಲ್ಲಿ ಎರಡನೆಯ ಸಾಲು ಬಿಟ್ಟಾಗ ಹಿಂದೆ ಹೋದವನು ಚಲುವಯ್ಯ. ಈಗ ಬದು ಬಲಗಡೆ. ಡಿಸ್ಕು ಎತ್ತಿದ ಮಣ್ಣೆಲ್ಲ ಕಪ್ಪಗೆ ಮಿಂಚುತ್ತಾ ಹೋಗಿ ಬದುವಿನ ಮಗ್ಗುಲಿಗೆ ಒರಗುತ್ತಿತ್ತು. ಇಪ್ಪತ್ತೈದು ವರ್ಷ ‘ನಮ್ಮದು’ ಎಂದಿದ್ದ ಮಣ್ಣು ತನ್ನ ಕಣ್ಣೆದುರೇ ಹಾಗೆ ಎದ್ದು ಹೋಗುವುದನ್ನು ನೋಡುತ್ತಾ ಚಲುವಯ್ಯ ತುದಿಯವರೆಗೂ ನಡೆದ. ತುದಿಯಲ್ಲಿ ನಿಂತು ಅಳಿಯನನ್ನು ಕೇಳಿದ್ದು ಒಂದೇ ಮಾತು.

“ಎಂಟ್ ವರ್ಸ ಇಂದಕ್ ತಿರುಗಿ ನೋಡ್ತಲೇ ಇದ್ದೀಯಲ್ಲಪ್ಪ. ಏನ್ ನೋಡ್ತಿದ್ದೆ?”

ರಾಜೇಂದ್ರ ನೋಡುತ್ತಿದ್ದುದು ಆಳವನ್ನು. ರಂಗನಾಯಕ ಅವನ ಪರವಾಗಿ ಮಾತಾಡಿದ. ಮರದ ನೇಗಿಲು ಮಣ್ಣನ್ನು ಎರಡೂ ಕಡೆಗೆ ಸಮ ಚೆಲ್ಲುತ್ತಿತ್ತು, ಅದಕ್ಕೇ ನಮ್ಮ ಕಾಲದಲ್ಲಿ ಬದು ಇದ್ದಲ್ಲೇ ಇರುತ್ತಿತ್ತು, ಈ ಡಿಸ್ಕು ಒಂದೇ ಪಂಕ್ತಿಗೆ ಬಡಿಸುವವನ ಹಾಗೆ ಎಂದ. ಆಮೇಲೆ ದೇವರಾಜುವಿನ ಕಡೆ ಮುಖ ಮಾಡಿದ. ವರ್ಷ ವರ್ಷಕ್ಕೂ ಹೊಲ ಅಗಲವಾಗುತ್ತಾ ಬಂದದ್ದು, ಒಂದೆರಡು ಸಾಲು ರಾಗಿ ಹೆಚ್ಚಿಗೆ ಬಂದದ್ದು ಗೌಡರ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದ.

ದೇವರಾಜುವಿನ ಅಂಗಿಯ ತೋಳಿನ ತುಂಬ ರವಿಕುಮಾರನನ್ನು ಎಳೆದಾಗಿನ ಕೆಸರಿತ್ತು.

“ಕಂಡಿತ್ತು,” ಎಂದ. “ಉಳೋನು ಅವ್ರ ಅಳಿಯನೇ ಅಲ್ವಾ, ಅವ್ರಿಗೂ ಗೊತ್ತಿರ್ತದೆ ಅಂದ್ಕೊಂಡು ಸುಮ್ಕಾದೆ.”

ಅದರಲ್ಲಿ ನಿಜವೆಷ್ಟು, ಜಾಣತನವೆಷ್ಟು ಎಂದು ಯಾರೂ ಬಗೆಹರಿಸಲು ಹೋಗಲಿಲ್ಲ. ಕಂಡಿತ್ತು ಎಂದು ಒಪ್ಪಿದ್ದೇ ದೊಡ್ಡದಾಗಿತ್ತು. ಕಲ್ಲನ್ನು ಹಳೆಯ ಜಾಗದಲ್ಲೇ ನೆಡಿ, ಬದುವನ್ನು ಅಲ್ಲಿಗೇ ಹಾಕಿ ಎಂದು ಹೇಳಿ ಗೌಡ ಅಲ್ಲಿಂದ ಹೊರಟ. ಟ್ರ್ಯಾಕ್ಟರಿನ ಹತ್ತಿರ ನಿಂತು ರಾಜೇಂದ್ರನ ಮುಖ ನೋಡದೆ, ಇವತ್ತು ಎರಡೂ ಹೊಲ ಮುಗಿಸಿ ಸಂಜೆಯೊಳಗೆ ಗಾಡಿ ತಂದು ನಿಲ್ಲಿಸು, ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದ. ತಮ್ಮಂದಿರು ಅವನ ಹಿಂದೆ ಹೋದರು.

ರಾಜೇಂದ್ರ ಸರಿದುಹೋಗಿದ್ದ ಬದುವನ್ನು ಉತ್ತು ನೆಲಸಮ ಮಾಡಿದ. ಕಲ್ಲಿನ ನೇರಕ್ಕೆ ಹುರಿ ಹಿಡಿಸಿ, ಆ ಹುರಿಯ ಈ ಕಡೆ ಒಂದು ಸಾಲು ಹೋಗುತ್ತಾ, ಆ ಕಡೆ ಒಂದು ಸಾಲು ಬರುತ್ತಾ ಉತ್ತ. ಎರಡೂ ಕಡೆಯ ಮಣ್ಣು ಬಲಕ್ಕೇ ಬಿದ್ದು ನಡುವೆ ಎದುರುಬದುರಾಗಿ ಕೂಡಿ ದಿಂಡಾಗಿ ನಿಂತಿತು. ಎಂಟು ವರ್ಷ ಅವನು ಮಾಡಿದ್ದನ್ನು ಸರಿಪಡಿಸಲು ಒಂದು ಗಂಟೆ ಸಾಕಾಯಿತು. ಹದ ಚೆನ್ನಾಗಿತ್ತು, ಮಣ್ಣು ಬೆಣ್ಣೆಯಂತೆ ಒಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಾವನ ಹೊಲ ಮುಗಿಯಿತು.

ಎಂಜಿನ್ ನಿಲ್ಲಿಸಿದಾಗ ರವಿಕುಮಾರ್ ಚೊಂಬಿನಲ್ಲಿ ನೀರು ತಂದು ಕೊಟ್ಟ. ಚಕ್ರಕ್ಕೆ ಒರಗಿ ನಿಂತು ಹೊಸ ಬದುವನ್ನು ನೋಡುತ್ತಾ ಕೇಳಿದ.

“ನೆನ್ನೆ ಆ ಕಲ್ಲು ಕಣ್ಗೆ ಬೀಳ್ದೇ ಇದ್ದಿದ್ರೆ, ಇವತ್ತು ಎಲ್ ನಡೀತಿದ್ದೆ ಬಾವ?”

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅವತ್ತು ಅವನ ಬಾಯಿಗೆ ಅದರ ಅಭ್ಯಾಸ ತಪ್ಪಿಹೋಗಿತ್ತು.

“ಇದ್ದ ಬದು ಮೇಲೇ.”

“ಮಣ್ಣು ಒತ್ಕೊಂಡು?”

“ಊಂ. ಸತ್ಯ ಅಂತ್ಲೇ ತಿಳ್ಕೊಂಡು ನಡೀತಿದ್ದೆ.”

ರವಿಕುಮಾರ್ ಬಯ್ಯುತ್ತಾನೆ ಎಂದುಕೊಂಡಿದ್ದ. ಅವನು ಬಯ್ಯಲಿಲ್ಲ.

“ಅಪ್ಪ ನಂಬ್ಬುಡ್ತಿದ್ದ,” ಎಂದ. “ನನ್ ಟೇಪು, ಆ ಚೀಟಿ, ಎಲ್ಲ ಸುಳ್ಳು, ನೀನು ನಡ್ದಿದ್ದೇ ನಿಜ ಅಂತಿದ್ದ. ಸಾಯೋಗಂಟ ಅಂಗೇ ಅಂತಿದ್ದ.”

ಚಲುವಯ್ಯ ಆ ತುದಿಯಲ್ಲಿ ಒಬ್ಬನೇ ಹೊಸ ಬದುವಿನ ಮೇಲೆ ಹೆಜ್ಜೆ ಹೆಜ್ಜೆಗೂ ಭಾರ ಬಿಟ್ಟು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತಾ ಬರುತ್ತಿದ್ದ. ಗೌಡರ ಹೊಲ ಇನ್ನೂ ಬಾಕಿಯಿತ್ತು, ಸಂಜೆಯೊಳಗೆ ಗಾಡಿ ಒಪ್ಪಿಸಬೇಕಿತ್ತು. ರಾಜೇಂದ್ರ ಚೊಂಬನ್ನು ಭಾವಮೈದನ ಕೈಗೆ ಕೊಟ್ಟು, ಕೆಳಗಿಳಿದು, ಈ ತುದಿಯಿಂದ ಬದು ತುಳಿಯಲು ಹೋದ.